ಹಾಡಿಗೂ ಕುಲಗೋತ್ರವೆ?

‘ಟೆನೆಸೀ ವಾಲ್ಟ್ಸ್’ ಎಂಬ ಅಮೆರಿಕದ ಹಾಡನ್ನು ಮೆಚ್ಚಿದೆನೆಂದು ಹೇಳಿದ ಕೂಡಲೆ ಸಂಗೀತರಸಿಕ ಮಿತ್ರರೊಬ್ಬರು ಮೂಗು ಮುರಿದರು. ಅದು ಅಪ್ಪಟ ಹಳ್ಳಿಯ ಹಾಡಲ್ಲವಂತೆ. ನಾಲ್ಕು ಕಾಸಿಗಾಗಿ ಕಟ್ಟಿದ ಅಂಗಡಿಯ ಸರಕಂತೆ. ಮಣ್ಣಿನಿಂದ ಹುಟ್ಟಿದ್ದು ಮಾತ್ರ ನಿಜವಾದ ಹಾಡು ಎಂಬುದು ಅವರ ಸಿದ್ಧಾಂತ.

ಇರಲಿ, ಈ ಹಾಡಿನ ಜಾತಕವನ್ನೇ ತೆಗೆದು ನೋಡೋಣ. ರಾಗ ಕಟ್ಟಿದ ಪೀ ವೀ ಕಿಂಗ್ ಹುಟ್ಟಿದ್ದು ದೂರದ ವಿಸ್ಕಾನ್ಸಿನ್ನಿನ ಪೋಲಿಷ್ ಮನೆತನದಲ್ಲಿ, ನುಡಿಸುತ್ತಿದ್ದುದು ಅಕಾರ್ಡಿಯನ್. ಸಾಹಿತ್ಯ ಬರೆದ ರೆಡ್ ಸ್ಟೂವರ್ಟರು ಮಾತ್ರ ಟೆನೆಸೀಯವರು. 1946ರಲ್ಲಿ ರೇಡಿಯೋದಲ್ಲಿ ‘ಕೆಂಟಕಿ ವಾಲ್ಟ್ಸ್’ ಕೇಳಿ, ಪಕ್ಕದ ಸೀಮೆಗಿರುವುದು ಟೆನೆಸೀಗೇಕಿಲ್ಲವೆಂದು ಬೆಂಕಿಪೊಟ್ಟಣದ ಮೇಲೆ ಗೀಚಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಇನ್ನು ವಾಲ್ಟ್ಸ್ ಕುಣಿತವೋ, ಯುರೋಪಿನದು. 1816ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಅದನ್ನು ಪರದೇಶದ ಅಸಭ್ಯ ಕುಣಿತವೆಂದು ಜರೆದಿತ್ತು! 1950ರಲ್ಲಿ ಹಾಡನ್ನು ಮನೆಮನೆಗೆ ಮುಟ್ಟಿಸಿದ ಪ್ಯಾಟಿ ಪೇಜ್ ಓಕ್ಲಹೋಮಾದವರು. ಅದೂ ಕ್ರಿಸ್‌ಮಸ್ ಹಾಡೊಂದರ ತಟ್ಟೆಯ ಹಿಂಬದಿಯಲ್ಲಿ. ವ್ಯಾಪಾರಿಗಳು ನಂಬಿದ್ದು ಮುಂಬದಿಯನ್ನು. ಜನ ತಟ್ಟೆಯನ್ನು ಮಗುಚಿ ಹಾಕಿದರು. ಅಂಗಡಿಯ ಸರಕೆನ್ನುವವರು ಇದಕ್ಕೇನೆನ್ನುತ್ತಾರೆ?

ಇಷ್ಟು ಬೆರಕೆಯ ಹಾಡನ್ನು 1965ರಲ್ಲಿ ಟೆನೆಸೀ ತನ್ನ ರಾಜ್ಯಗೀತೆಯೆಂದು ಅಂಗೀಕರಿಸಿತು. ಅದರಲ್ಲಿ ನಾಡಿನ ವೈಭವದ ಬಣ್ಣನೆಯಿಲ್ಲ. ಕುಣಿತದ ರಾತ್ರಿ ಹಳೆಯ ಸ್ನೇಹವನ್ನು ತನ್ನ ಒಲವಿಗೆ ತಾನೇ ಪರಿಚಯ ಮಾಡಿಸಿ, ಅವರಿಬ್ಬರೂ ಕುಣಿಯುತ್ತಿರುವಾಗಲೇ ಒಲವನ್ನು ಕಳೆದುಕೊಂಡ ಜೀವದ ಪಾಡು, ಅಷ್ಟೆ. ಶಾಪವಿಲ್ಲ, ಸೇಡಿಲ್ಲ. ತನ್ನನ್ನು ಬರಿಗೈ ಮಾಡಿದ ರಾತ್ರಿಯ ರಾಗವನ್ನೇ ಜೋಪಾನವಾಗಿ ಇಟ್ಟುಕೊಂಡಿರುವ ಮನಸ್ಸು! ಈ ದುಃಖಕ್ಕೆ ಯಾವ ಸೀಮೆಯ ಗಡಿ?

ಮಣ್ಣಿನ ಮಾತಾಡುವವರು ಮಣ್ಣಿನ ಗುಣವನ್ನೇ ಮರೆತಿದ್ದಾರೆ. ಬಿದ್ದ ಬೀಜ ಯಾವ ಊರಿನದೆಂದು ವಿಚಾರಿಸುವ ಹೊಲವನ್ನು ನಾನಂತೂ ಕಂಡಿಲ್ಲ. ಬಾಗಿಲಲ್ಲಿ ನಿಂತು ಗೋತ್ರ ವಿಚಾರಿಸುವ ಮಹನೀಯರು ಅಲ್ಲಿ ಇದ್ದಿದ್ದರೆ ಟೆನೆಸೀಗೆ ಈ ಹಾಡು ದಕ್ಕುತ್ತಿರಲಿಲ್ಲ. ಶುದ್ಧವಾದ ಮೌನವೊಂದು ದಕ್ಕುತ್ತಿತ್ತು.

ಮೊದಲು ಹಾಡು ಕೇಳಿ, ಮಿತ್ರರೆ. ಕುಲವನ್ನು ಆಮೇಲೆ ಕೇಳಿದರಾಯಿತು, ಆಗಲೂ ಕೇಳಬೇಕೆನಿಸಿದರೆ.