ಕಾಯಿಲೆ ಏರಿದೆ, ಕಾರ್ಡಿನ ಅಂಕಿ ಅಲ್ಲೇ ನಿಂತಿದೆ

ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು,
ಹಾಸನ ಜಿಲ್ಲೆ, ಹಾಸನ.

ಮುಖಾಂತರ:
ಮಾನ್ಯ ಉಪವಿಭಾಗಾಧಿಕಾರಿಗಳು,
ಸಕಲೇಶಪುರ ಉಪವಿಭಾಗ, ಸಕಲೇಶಪುರ.

ಇವರಿಂದ:
ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಅಂಗವಿಕಲ ಮಾಸಾಶನದಾರರು ಹಾಗೂ ಅವರ ಆರೈಕೆದಾರರು.

ವಿಷಯ: ಈಗಾಗಲೇ ಮಾಸಾಶನ ಪಡೆಯುತ್ತಿರುವ ವಿಕಲಚೇತನರ ಆರೋಗ್ಯ ಸ್ಥಿತಿ ಉಲ್ಬಣಿಸಿದಾಗ ಅದನ್ನು ದಾಖಲಿಸಲು, ಮರುಮೌಲ್ಯಮಾಪನ ಪಡೆಯಲು ಮತ್ತು ಹೆಚ್ಚಿದ ದರದ ಮಾಸಾಶನ ಪಡೆಯಲು ಸರಳ ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಕರ್ನಾಟಕದಲ್ಲಿ ಅಂಗವಿಕಲ ಮಾಸಾಶನದ ಲೆಕ್ಕವೆಲ್ಲ ನಿಂತಿರುವುದು ಒಂದು ಅಂಕಿಯ ಮೇಲೆ. ವೈಕಲ್ಯದ ಪ್ರಮಾಣ ಶೇ 40 ಇದ್ದರೆ ತಿಂಗಳಿಗೆ 800 ರೂಪಾಯಿ. ಶೇ 75 ದಾಟಿದರೆ 1,400 ರೂಪಾಯಿ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಗೆ ಶೇ 80 ಬೇಕು. ಮೊದಲ ಸಲ ಅರ್ಜಿ ಹಾಕುವವರಿಗೆ ದಾರಿ ಗೊತ್ತಿದೆ: ವಿಶಿಷ್ಟ ಅಂಗವೈಕಲ್ಯ ಗುರುತಿನ (ಯುಡಿಐಡಿ) ಕಾರ್ಡ್ ಮಾಡಿಸುವುದು, ನಾಡಕಚೇರಿಯಲ್ಲಿ ಅರ್ಜಿ ಕೊಡುವುದು, ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ, ತಹಶೀಲ್ದಾರರ ಮಂಜೂರಾತಿ. ಶೇ 50 ಎಂದು ಬರೆಸಿಕೊಂಡು ಏಳೆಂಟು ವರ್ಷ ಕಳೆದ ಮೇಲೆ ಕಾಲು ಪೂರ್ತಿ ಸೋತವರು, ಮಸುಕಾಗಿದ್ದ ಕಣ್ಣು ಕತ್ತಲಾದವರು ಯಾವ ಅರ್ಜಿ ತುಂಬಬೇಕು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ದಾರಿ ಇಲ್ಲ.

ಆ ದಾರಿಯನ್ನು ತೆರೆಯಬೇಕೆಂಬುದೇ ಈ ಮನವಿಯ ಸಾರ.

ಬದಲಾಗದ ಪ್ರಮಾಣಪತ್ರ, ಬದಲಾಗುವ ದೇಹ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು. ಹೊಸದು ಅದನ್ನು 21ಕ್ಕೆ ಏರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಮಸ್ಕ್ಯುಲರ್ ಡಿಸ್ಟ್ರೋಫಿ ಇವೆ. ಮೂರೂ ನಿಂತಲ್ಲಿ ನಿಲ್ಲುವ ಕಾಯಿಲೆಗಳಲ್ಲ. ಡುಷೆನ್ ಮಾದರಿಯ ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗ ಆರನೇ ವಯಸ್ಸಿನಲ್ಲಿ ತಡವರಿಸುತ್ತಲಾದರೂ ಶಾಲೆಗೆ ನಡೆದು ಹೋಗಬಲ್ಲ. ಸಾಮಾನ್ಯವಾಗಿ ಹನ್ನೆರಡರ ಹೊತ್ತಿಗೆ ಅವನಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಅವನಿಗೆ ಆರರಲ್ಲಿ ಕೊಟ್ಟ ಅಂಕಿ ಹನ್ನೆರಡಕ್ಕೆ ಹೊಂದುವುದಿಲ್ಲ.

ಪೋಲಿಯೊ ಇನ್ನೊಂದು ಬಗೆಯ ಉದಾಹರಣೆ. ಭಾರತದಲ್ಲಿ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ರೋಗ ಹೋಯಿತು, ಅದರಿಂದ ಕಾಲು ಕಳೆದುಕೊಂಡ ತಲೆಮಾರು ಈಗ ಮುಪ್ಪಿನತ್ತ ನಡೆದಿದೆ. ಬಾಲ್ಯದ ಪೋಲಿಯೊ ದಶಕಗಳ ನಂತರ ಮತ್ತೆ ಸ್ನಾಯುಗಳನ್ನು ಸೋಲಿಸುವುದುಂಟು; ಉಳಿದಿದ್ದ ಒಳ್ಳೆಯ ಕಾಲೂ ದಣಿಯುತ್ತದೆ, ಕೋಲಿನಲ್ಲಿ ಓಡಾಡುತ್ತಿದ್ದವರು ಮನೆಯೊಳಗೇ ಉಳಿಯುತ್ತಾರೆ. ಇವರ ಕೈಯಲ್ಲಿರುವುದು 'ಶಾಶ್ವತ' ಪ್ರಮಾಣಪತ್ರ.

ತೊಡಕು ಇರುವುದು ಇಲ್ಲಿಯೇ. ಅಧಿನಿಯಮದಡಿ ಬಂದ 2017ರ ನಿಯಮಗಳು ಎರಡು ಬಗೆಯ ಪ್ರಮಾಣಪತ್ರಗಳನ್ನು ಹೇಳುತ್ತವೆ. ವೈಕಲ್ಯದ ಪ್ರಮಾಣ ಮುಂದೆ ಬದಲಾಗುವ ಸಂಭವವಿಲ್ಲದಿದ್ದರೆ ಶಾಶ್ವತ. ಸಂಭವವಿದ್ದರೆ ಅವಧಿ ನಮೂದಿಸಿದ ತಾತ್ಕಾಲಿಕ. ಅವಧಿ ಇರುವವರು ಅದು ಮುಗಿದಾಗ ಮತ್ತೆ ವೈದ್ಯರೆದುರು ನಿಲ್ಲಲೇಬೇಕು. ಬದಲಾಗುವುದಿಲ್ಲ ಎಂದು ಬರೆಸಿಕೊಂಡವರ ಸ್ಥಿತಿ ಬದಲಾದರೆ? ಅಧಿನಿಯಮ ಅವರನ್ನು ತಡೆಯುವುದಿಲ್ಲ, ಆದರೆ ಕೈಹಿಡಿದು ನಡೆಸುವುದೂ ಇಲ್ಲ. ಈ ಮೌನವನ್ನು ಕೆಳಗಿನ ಹಂತದಲ್ಲಿ 'ಒಮ್ಮೆ ಆಗಿದೆಯಲ್ಲ' ಎಂಬ ಮಾತು ತುಂಬುತ್ತದೆ.

ತೋಟ, ಮಳೆ, ಆನೆ

ಈ ಸೀಮೆಯ ವೈಕಲ್ಯಕ್ಕೆ ಈ ಸೀಮೆಯದೇ ಕಾರಣಗಳಿವೆ. ಕಾಫಿ ತೋಟದಲ್ಲಿ ಮರಗಸಿ ಮಾಡುವವರು, ಏಣಿ ಹತ್ತಿ ಕಾಳುಮೆಣಸು ಕೊಯ್ಯುವವರು ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವುದು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಹೊಸ ಸುದ್ದಿಯಲ್ಲ. ಬಿದ್ದ ವರ್ಷ ಊರುಗೋಲಿನಲ್ಲಾದರೂ ಓಡಾಡುವವರು ಕ್ರಮೇಣ ಹಾಸಿಗೆ ಹಿಡಿಯುತ್ತಾರೆ; ಬೆನ್ನಹುಣ್ಣು, ಮೂತ್ರದ ಸೋಂಕು ಹಿಂದೆಯೇ ಬರುತ್ತವೆ. ಕೂಲಿ ಒಬ್ಬರದಲ್ಲ, ಇಬ್ಬರದು ನಿಲ್ಲುತ್ತದೆ: ಮಲಗಿದವರದು, ಅವರನ್ನು ನೋಡಿಕೊಳ್ಳಲು ಮನೆಯಲ್ಲುಳಿದವರದು.

2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ದಸರಾ ಆನೆ ಅರ್ಜುನ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತಾಗ ನಾಡೆಲ್ಲ ಮರುಗಿತು. ಅದೇ ಕಾಡಂಚಿನಲ್ಲಿ ಆನೆ ದಾಳಿಯಿಂದ ಜೀವ ಉಳಿಸಿಕೊಂಡವರು ಒಂದು ದಿನದ ಸುದ್ದಿಯಾಗಿ ಮರೆಯಾಗುತ್ತಾರೆ. ಅರಣ್ಯ ಇಲಾಖೆಯ ಪರಿಹಾರದಲ್ಲಿ ಶಾಶ್ವತ ಅಂಗವೈಕಲ್ಯಕ್ಕೆ ಒಂದು ಮೊತ್ತ, ಭಾಗಶಃ ಅಂಗವೈಕಲ್ಯಕ್ಕೆ ಅದರ ಅರ್ಧ. 'ಭಾಗಶಃ' ಎಂದು ಪರಿಹಾರ ಪಡೆದವರ ಸೊಂಟ ಮುಂದೆ ಪೂರ್ತಿ ಸೋತರೆ ಆ ಕಡತವನ್ನು ಮತ್ತೆ ತೆರೆಯುವವರು ಬೇಕು.

ಇದರ ಮೇಲೆ ದಾರಿಯ ಪ್ರಶ್ನೆ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಒಳಗಿನ ಹಳ್ಳಿಗಳಿಂದ ತಜ್ಞ ವೈದ್ಯರಿರುವ ಹಾಸನಕ್ಕೆ ಬರಬೇಕೆಂದರೆ ಮೊದಲು ತೋಟದ ಮಣ್ಣುದಾರಿ, ಆಮೇಲೆ ಸಕಲೇಶಪುರ, ಅಲ್ಲಿಂದ ಮತ್ತೆ ಸುಮಾರು 40 ಕಿಲೋಮೀಟರ್. ಆಲೂರು ಪಟ್ಟಣ ಹಾಸನಕ್ಕೆ ಹತ್ತಿರವೆನ್ನಬಹುದು, ಕೆ. ಹೊಸಕೋಟೆ, ಪಾಳ್ಯ ಹೋಬಳಿಗಳ ಒಳಹಳ್ಳಿಗಳಿಗೆ ಆ ಮಾತು ಸಲ್ಲದು. ವಿಕಲಚೇತನರ ರಿಯಾಯಿತಿ ಬಸ್ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ ನಿಜ, ಆದರೆ ಬಸ್ಸಿನ ಮೆಟ್ಟಿಲು ಹತ್ತಲಾಗದವರು ಜೀಪನ್ನೋ ಆಟೊವನ್ನೋ ಬಾಡಿಗೆಗೆ ಹಿಡಿಯಲೇಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದರೆ ಅದೂ ಇಲ್ಲ. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ರಾಷ್ಟ್ರೀಯ ಹೆದ್ದಾರಿಯೇ ಕುಸಿದಿತ್ತು. 800 ರೂಪಾಯಿ ಮಾಸಾಶನದವರು 1,400ಕ್ಕೆ ಅರ್ಹರೆಂದು ತೋರಿಸಿಕೊಳ್ಳಲು ಮೂರು ಸಲ ಹಾಸನಕ್ಕೆ ಹೋಗಬೇಕಾದರೆ ಹೆಚ್ಚುವರಿಯಾಗಿ ಸಿಗುವ 600 ರೂಪಾಯಿ ಎಷ್ಟು ತಿಂಗಳು ಬಾಡಿಗೆಗೇ ಹೋಗುತ್ತದೆ ಎಂಬುದನ್ನು ಜಿಲ್ಲಾಡಳಿತವೇ ಲೆಕ್ಕ ಹಾಕಬಹುದು.

ಇದ್ದದ್ದೂ ಹೋದರೆ?

ಖರ್ಚಿಗಿಂತ ದೊಡ್ಡ ಅಡ್ಡಿ ಹೆದರಿಕೆ. ಕಡತ ಮತ್ತೆ ತೆರೆದರೆ ಆಧಾರ್ ಹೊಂದಿಕೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲವೂ ಮತ್ತೆ ಪರಿಶೀಲನೆಗೆ ಬರುತ್ತವೆ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದೆಂಬ ಷರತ್ತಿದೆ. ಮಗನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದರೆ ಏನಾದೀತೋ ಎಂಬ ಆತಂಕ ಬೇರೆ. 'ಇರೋದು ಬರ್ತಾ ಇದೆಯಲ್ಲ, ಕೆದಕೋದು ಬೇಡ' ಎಂದು ಮನೆಯವರೇ ತಡೆಯುತ್ತಾರೆ. ಸ್ಥಿತಿ ಉಲ್ಬಣಿಸಿದವರು ಸುಮ್ಮನಿದ್ದಾರೆಂದರೆ ಅವರಿಗೆ ಕಷ್ಟವಿಲ್ಲವೆಂದು ಆಡಳಿತ ಭಾವಿಸಬಾರದು.

ಈ ಹೆದರಿಕೆ ಮಲೆನಾಡಿಗೆ ಸೀಮಿತವಲ್ಲ. ಬ್ರಿಟನ್ನಿನಲ್ಲಿ 2013ರಿಂದ ಇರುವ, ಅಂಗವಿಕಲರಿಗೆ ಸಿಗುವ 'ಪಿಪ್' ಭತ್ಯೆ ಪಡೆಯುವವರು ಸ್ಥಿತಿ ಬದಲಾದರೆ ಫೋನ್ ಮಾಡಿ ತಿಳಿಸುವ ಪದ್ಧತಿ ಇದೆ. ಆದರೆ ತಿಳಿಸಿದೊಡನೆ ಇಡೀ ಭತ್ಯೆಯ ಮರುಪರಿಶೀಲನೆಯಾಗುತ್ತದೆ. ಮೊತ್ತ ಏರಬಹುದು, ಹಾಗೇ ಇರಬಹುದು, ಇಳಿಯಲೂಬಹುದು. ಅಲ್ಲಿಯೂ ಜನ ಎರಡು ಸಲ ಯೋಚಿಸುತ್ತಾರೆ. ದಾರಿ ಇದ್ದರಷ್ಟೇ ಸಾಲದು, ಅದರಲ್ಲಿ ನಡೆಯುವವರಿಗೆ ರಕ್ಷಣೆಯೂ ಬೇಕು ಎಂಬುದಕ್ಕೆ ಈ ಉದಾಹರಣೆ.

ನಮ್ಮ ಕಾನೂನಿಗೂ ಈ ವಿಚಾರ ಹೊಸದಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ 55ನೇ ಕಲಂ, ಕೆಲಸದಲ್ಲಾದ ಗಾಯದ ಪರಿಣಾಮ ಮುಂದೆ ಗಣನೀಯವಾಗಿ, ಅನಿರೀಕ್ಷಿತವಾಗಿ ಉಲ್ಬಣಿಸಿದರೆ ವೈದ್ಯಕೀಯ ಮಂಡಳಿ ಹಳೆಯ ಅಂದಾಜನ್ನು ಮರುಪರಿಶೀಲಿಸಬಹುದೆಂದು ಬಹಳ ಹಿಂದೆಯೇ ಹೇಳಿತ್ತು. ಕಾರ್ಖಾನೆಯ ವಿಮಾದಾರ ಕಾರ್ಮಿಕನಿಗೆ ಒಪ್ಪಿದ ತತ್ವವನ್ನು ತೋಟದ ಕೂಲಿಯ ಮಾಸಾಶನಕ್ಕೆ ಅನ್ವಯಿಸಲು ಅಡ್ಡಿಯಾದರೂ ಏನು?

ಐವತ್ತಕ್ಕೆ ಮೂವತ್ತು ಕೂಡಿದರೆ

ಇನ್ನೊಂದು ಗೊಂದಲವನ್ನೂ ಇಲ್ಲಿ ಹೇಳಬೇಕು. ಕಾಲಿನಲ್ಲಿ ಶೇ 50 ವೈಕಲ್ಯವಿದ್ದವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನಲ್ಲಿ ಶೇ 30 ಸೇರಿತೆಂದುಕೊಳ್ಳಿ. ಮನೆಯವರ ಲೆಕ್ಕದಲ್ಲಿ ಒಟ್ಟು 80. ಆದರೆ ಕೇಂದ್ರ ಮಾರ್ಗಸೂಚಿಯ ಸೂತ್ರ ಬೇರೆ: 90ರಲ್ಲಿ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಬೇಕು. ಹಾಗೆ ಮಾಡಿದರೆ ಸಿಗುವುದು ಸುಮಾರು 63. ಶೇ 75ರ ಗೆರೆ ಇನ್ನೂ ದೂರದಲ್ಲೇ ಇರುತ್ತದೆ. ಸೂತ್ರದ ಸರಿತಪ್ಪು ತಜ್ಞರಿಗೆ ಬಿಟ್ಟದ್ದು. ಕಾಗದದಲ್ಲಿ ಕೊನೆಯ ಅಂಕಿ ಮಾತ್ರ ಕಂಡವರಿಗೆ ಮೋಸವಾಯಿತೆನಿಸುವುದು ಸಹಜ. ಲೆಕ್ಕ ಬಿಡಿಸಿ ತೋರಿಸಿದರೆ ಆ ಅನುಮಾನ ಉಳಿಯದು, ತಪ್ಪಿದ್ದರೆ 2016ರ ಅಧಿನಿಯಮದ 59ನೇ ಕಲಂ ಪ್ರಕಾರ ಮೇಲ್ಮನವಿ ಹೋಗಲೂ ಆಧಾರ ಸಿಗುತ್ತದೆ.

ಮೊತ್ತದ ಬಗ್ಗೆಯೂ ಒಂದು ಮಾತು. ಅಧಿನಿಯಮದ 24ನೇ ಕಲಂ ಪ್ರಕಾರ ವಿಕಲಚೇತನರ ನೆರವು ಇತರರ ಅಂಥದೇ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ರಾಜ್ಯದಲ್ಲಿ 60ರಿಂದ 64 ವಯಸ್ಸಿನವರ ವೃದ್ಧಾಪ್ಯ ವೇತನ 800 ರೂಪಾಯಿ. ಶೇ 40 ದಾಟಿದ ವಿಕಲಚೇತನರಿಗೂ ಅಷ್ಟೇ. 65 ದಾಟಿದವರ ಸಂಧ್ಯಾ ಸುರಕ್ಷಾ 1,200. ಅದಕ್ಕೆ ಕಾಲು ಭಾಗ ಸೇರಿಸಿದರೆ 1,500 ಆಗುತ್ತದೆ, ತೀವ್ರ ವೈಕಲ್ಯದವರಿಗೆ ಸಿಗುತ್ತಿರುವುದು 1,400.

ಬೇಡಿಕೆಗಳು

ಅ) ಜಿಲ್ಲಾಡಳಿತದ ಹಂತದಲ್ಲೇ ಆಗಬಹುದಾದವು:

1. ಎರಡೂ ತಾಲ್ಲೂಕುಗಳ ಎಲ್ಲ ನಾಡಕಚೇರಿಗಳಲ್ಲಿ 'ಸ್ಥಿತಿ ಬದಲಾವಣೆ' ಎಂಬ ಒಂದು ಪುಟದ ಪ್ರತ್ಯೇಕ ಅರ್ಜಿ ಸ್ವೀಕರಿಸಿ, ಅದೇ ದಿನ ದಿನಾಂಕವಿರುವ ಸ್ವೀಕೃತಿ ಕೊಡಬೇಕು. ಶಾಶ್ವತ ಪ್ರಮಾಣಪತ್ರ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ಮರಳಿಸಬಾರದು.

2. ಮರುಮೌಲ್ಯಮಾಪನ ಮುಗಿಯುವವರೆಗೆ ಈಗ ಬರುತ್ತಿರುವ ಮಾಸಾಶನ ನಿಲ್ಲಬಾರದು. ನಿಲ್ಲಿಸುವ ಕಾರಣವಿದ್ದರೆ ಲಿಖಿತ ನೋಟಿಸು ಕೊಟ್ಟು, ಫಲಾನುಭವಿಯ ಅಹವಾಲು ಕೇಳಿದ ನಂತರವೇ ಕ್ರಮ ಜರುಗಿಸಬೇಕು.

3. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಹಾಗೂ ಆಲೂರು ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಮೂಳೆ, ಕಣ್ಣು, ಕಿವಿ, ನರರೋಗ ಮತ್ತು ಮನೋರೋಗ ತಜ್ಞರಿರುವ ಮರುಮೌಲ್ಯಮಾಪನ ಶಿಬಿರ ನಡೆಸಬೇಕು. ವರ್ಷದ ಒಂದು ಶಿಬಿರ ಮಳೆಗಾಲ ಹಿಡಿಯುವ ಮುನ್ನವೇ ಆಗಬೇಕು.

4. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ಪರೀಕ್ಷಿಸಲು ವೈದ್ಯರ ತಂಡ ನಿಯೋಜಿಸಬೇಕು.

5. ಮರುಮೌಲ್ಯಮಾಪನದ ನಂತರ ಅಂಕಿ ಹೇಗೆ ಬಂತೆಂಬ ಲೆಕ್ಕದ ಹಾಳೆ, ಮೇಲ್ಮನವಿ ಎಲ್ಲಿ ಸಲ್ಲಿಸಬೇಕೆಂಬ ಮಾಹಿತಿ ಕನ್ನಡದಲ್ಲಿ ಕೊಡಬೇಕು.

6. ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ವರ್ಷಕ್ಕೊಮ್ಮೆ ಮಾಸಾಶನದಾರರ ಮನೆಗೆ ಭೇಟಿ ಕೊಟ್ಟು, ಸ್ಥಿತಿ ಉಲ್ಬಣಿಸಿದವರ ಪಟ್ಟಿಯನ್ನು ತಹಶೀಲ್ದಾರರಿಗೆ ಸಲ್ಲಿಸುವಂತೆ ಸೂಚಿಸಬೇಕು. ಲೈನ್ ಮನೆಗಳನ್ನು ಈ ಭೇಟಿಯಿಂದ ಬಿಡಬಾರದು.

ಆ) ಸರ್ಕಾರಕ್ಕೆ ಶಿಫಾರಸು ಮಾಡಬೇಕಾದವು:

7. ಮರುಮೌಲ್ಯಮಾಪನದಲ್ಲಿ ಹೆಚ್ಚಿನ ದರಕ್ಕೆ ಅರ್ಹರಾದವರಿಗೆ 'ಸ್ಥಿತಿ ಬದಲಾವಣೆ' ಅರ್ಜಿ ಕೊಟ್ಟ ದಿನದಿಂದಲೇ ವ್ಯತ್ಯಾಸದ ಮೊತ್ತ ಸೇರಬೇಕು. ವರ್ಷದ ವಿಳಂಬವೆಂದರೆ ಒಬ್ಬರಿಗೆ 7,200 ರೂಪಾಯಿ ನಷ್ಟ.

8. ಈ ಸೇವೆಯನ್ನು ಸಕಾಲ ಅಧಿನಿಯಮದಡಿ ಕಾಲಮಿತಿಯೊಂದಿಗೆ ಸೇರಿಸಬೇಕು.

9. ಪಾರ್ಕಿನ್ಸನ್, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಉಲ್ಬಣಿಸುವ ಕಾಯಿಲೆಗಳಲ್ಲಿ ಪ್ರಮಾಣಪತ್ರ ಕೊಡುವಾಗಲೇ ಮುಂದಿನ ಪರೀಕ್ಷೆಯ ದಿನಾಂಕ ನಮೂದಿಸಬೇಕು. 2024-25ರ ಬಜೆಟ್‌ನಲ್ಲಿ ಈ ಕಾಯಿಲೆಗಳವರ ಆರೈಕೆದಾರರಿಗೆ ಘೋಷಿಸಿದ ತಿಂಗಳಿಗೆ 1,000 ರೂಪಾಯಿ ಭತ್ಯೆ ಈ ತಾಲ್ಲೂಕುಗಳ ಅರ್ಹರೆಲ್ಲರಿಗೂ ತಲುಪಬೇಕು.

10. ಕಾಡುಪ್ರಾಣಿ ದಾಳಿಯಲ್ಲಿ ಭಾಗಶಃ ಅಂಗವೈಕಲ್ಯದ ಪರಿಹಾರ ಪಡೆದವರ ಸ್ಥಿತಿ ಶಾಶ್ವತ ವೈಕಲ್ಯಕ್ಕೆ ತಿರುಗಿದರೆ ಪರಿಹಾರ ಮರುಪರಿಶೀಲಿಸಲು ಅರಣ್ಯ ಇಲಾಖೆಯಲ್ಲಿ ಅವಕಾಶವಿರಬೇಕು.

11. ಮಾಸಾಶನದ ಮೊತ್ತವನ್ನು 24ನೇ ಕಲಂಗೆ ಅನುಗುಣವಾಗಿ ಪರಿಷ್ಕರಿಸಬೇಕು.

ಮೊದಲ ಆರು ಬೇಡಿಕೆಗಳ ಕುರಿತು ಕಂದಾಯ, ಆರೋಗ್ಯ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗಳ ಅಧಿಕಾರಿಗಳ ಜಂಟಿ ಸಭೆಯನ್ನು 30 ದಿನಗಳ ಒಳಗೆ ಸಕಲೇಶಪುರದಲ್ಲೇ ಕರೆಯಬೇಕೆಂದೂ, ಸಭೆ ನೆಲಮಹಡಿಯಲ್ಲಿ, ಗಾಲಿಕುರ್ಚಿ ಬರುವಂಥ ಸ್ಥಳದಲ್ಲಿ ನಡೆಯಬೇಕೆಂದೂ, ಉಳಿದ ಬೇಡಿಕೆಗಳ ಮೇಲೆ ಸರ್ಕಾರಕ್ಕೆ ಬರೆದ ಶಿಫಾರಸಿನ ಪ್ರತಿಯನ್ನು ಮನವಿದಾರರಿಗೆ ಒದಗಿಸಬೇಕೆಂದೂ ಕೋರಲಾಗಿದೆ.

ಇಂತಿ,
ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಅಂಗವಿಕಲ ಮಾಸಾಶನದಾರರು ಮತ್ತು ಆರೈಕೆದಾರರು
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳ ಪಟ್ಟಿ ಲಗತ್ತಿಸಿದೆ)

ಸ್ಥಳ: ಸಕಲೇಶಪುರ

ಪ್ರತಿಗಳು:
1. ರಾಜ್ಯ ಆಯುಕ್ತರು, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, ಬೆಂಗಳೂರು.
2. ನಿರ್ದೇಶಕರು, ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ, ಬೆಂಗಳೂರು.
3. ತಹಶೀಲ್ದಾರರು, ಸಕಲೇಶಪುರ ಮತ್ತು ಆಲೂರು.