ಬಳಕೆದಾರನ ಕೈಗೊಂದು ಭಾಷೆ

ಗಣಕಯಂತ್ರದ ಕ್ರಮವಿಧಿಯನ್ನು ರಚಿಸುವವನು ಎಷ್ಟೇ ದೂರದರ್ಶಿಯಾಗಿದ್ದರೂ ಅದನ್ನು ಬಳಸುವವರೆಲ್ಲರ ಅಗತ್ಯಗಳನ್ನು ಮುಂದಾಗಿಯೇ ಕಾಣಲಾರನು. ಈ ತೊಡಕಿಗೆ ಸಾಮಾನ್ಯವಾಗಿ ಕಂಡುಕೊಳ್ಳುವ ಪರಿಹಾರವೆಂದರೆ ಆಯ್ಕೆಗಳ ಪಟ್ಟಿಯನ್ನು ಬೆಳೆಸುತ್ತ ಹೋಗುವುದು. ಪಟ್ಟಿ ನೂರಾಗುತ್ತದೆ, ಇನ್ನೂರಾಗುತ್ತದೆ. ಬೇಕಾದ ಒಂದು ಮಾತ್ರ ಅದರಲ್ಲಿ ಇರುವುದಿಲ್ಲ. ಇದಕ್ಕಿಂತ ಉತ್ತಮವಾದ ಮಾರ್ಗವೊಂದಿದೆ. ದೊಡ್ಡ ಕ್ರಮವಿಧಿಯ ಒಡಲಲ್ಲಿ ಚಿಕ್ಕದಾದರೂ ಪೂರ್ಣಾಂಗವಾದ ಭಾಷೆಯೊಂದನ್ನು ನೆಲೆಗೊಳಿಸಿ, ಅದನ್ನು ಬಳಕೆದಾರನ ಕೈಗೆ ಕೊಡುವುದೇ ಆ ಮಾರ್ಗ.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಜಾನ್ ಮೆಕಾರ್ಥಿಯವರು 1958ರಲ್ಲಿ ಲಿಸ್ಪ್ ಭಾಷೆಯ ಕೆಲಸವನ್ನು ಆರಂಭಿಸಿದರು. ಗಣಿತದ ಫಲನಗಳನ್ನು ಆಧಾರವಾಗಿಟ್ಟುಕೊಂಡ ಈ ಭಾಷೆಯು ತನ್ನನ್ನು ತಾನೇ ಅರ್ಥೈಸಬಲ್ಲದೆಂಬುದನ್ನು 1960ರ ತಮ್ಮ ಲೇಖನದಲ್ಲಿ ತೋರಿಸಿದರು. ಅದರ ತಿರುಳು ಒಂದೆರಡು ಪುಟಗಳಲ್ಲಿ ಅಡಗುವಷ್ಟು ಚಿಕ್ಕದು. ಆದುದರಿಂದಲೇ ಅದನ್ನು ಮತ್ತೊಂದರೊಳಗೆ ಸೇರಿಸುವುದು ಸುಲಭ. ರಿಚರ್ಡ್ ಸ್ಟಾಲ್ಮನ್ನರು 1984ರಲ್ಲಿ ಕೈಗೊಂಡ ಗ್ನೂ ಈಮ್ಯಾಕ್ಸ್ ಎಂಬ ಬರವಣಿಗೆಯ ಸಾಧನದಲ್ಲಿ ಅಡಿಪಾಯ ಮಾತ್ರ ಸಿ ಭಾಷೆಯದು. ಅದರ ಮೇಲಿನ ಕಟ್ಟಡದ ಬಹುಭಾಗ ಲಿಸ್ಪಿನದು. ನಕ್ಷೆ ಬರೆಯುವ ಆಟೋಕ್ಯಾಡ್ 1986ರಲ್ಲಿ ಆಟೋಲಿಸ್ಪನ್ನು ತನ್ನೊಳಗೆ ಬರಮಾಡಿಕೊಂಡಿತು.

ಫಲನಪ್ರಧಾನ ಭಾಷೆಯೇ ಏಕೆ ಬೇಕೆಂದು ಕೇಳಬಹುದು. ಶಾಲೆಯ ಅಂಕಗಳನ್ನು ನೋಡಿಕೊಳ್ಳುವ ಕ್ರಮವಿಧಿಯೊಂದನ್ನು ಊಹಿಸಿಕೊಳ್ಳೋಣ. ಅಂಕಗಳನ್ನು ಕಾಪಿಡುವುದು, ಪಟ್ಟಿಯನ್ನು ಮುದ್ರಿಸುವುದು ಎಲ್ಲ ಶಾಲೆಗಳಿಗೂ ಸಮಾನ. ದರ್ಜೆಯನ್ನು ನಿರ್ಣಯಿಸುವ ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು. ಅಂಕಗಳನ್ನು ಕೊಟ್ಟರೆ ದರ್ಜೆಯನ್ನು ಹಿಂತಿರುಗಿಸುವ ಫಲನವೊಂದನ್ನು ಉಪಾಧ್ಯಾಯರೇ ಬರೆದು ಆ ದೊಡ್ಡ ಕ್ರಮವಿಧಿಗೆ ಒಪ್ಪಿಸಬಹುದು. ಶುದ್ಧವಾದ ಫಲನವು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಅದೇ ಅಂಕಗಳಿಗೆ ಅದೇ ದರ್ಜೆಯನ್ನು ಕೊಡುತ್ತದೆ. ಹೀಗಾಗಿ ಅದನ್ನು ಒಂಟಿಯಾಗಿಯೇ ಪರೀಕ್ಷಿಸಿ ನೋಡಬಹುದು. ಮುಂದಿನ ವರ್ಷ ನಿಯಮ ಬದಲಾದರೆ ಆ ಕೆಲವು ಸಾಲುಗಳು ಬದಲಾದರೆ ಸಾಕು.

ತಮ್ಮದೇ ಆದ ಪುಟ್ಟ ಆಜ್ಞಾಭಾಷೆಯನ್ನು ಹೊಸದಾಗಿ ಹೆಣೆದುಕೊಂಡರೆ ಸಾಲದೇ ಎಂಬ ವಾದವೂ ಇದೆ. ಅಂತಹ ಭಾಷೆ ಮೊದಲು ಹೆಸರು, ಬೆಲೆಗಳ ಪಟ್ಟಿಯಾಗಿ ಹುಟ್ಟುತ್ತದೆ. ಬಳಿಕ ಅದಕ್ಕೆ ಷರತ್ತುಗಳು ಬೇಕಾಗುತ್ತವೆ, ಅನಂತರ ಪುನರಾವರ್ತನೆ. ಕೊನೆಗೆ ಯಾರೂ ಯೋಚಿಸಿ ರೂಪಿಸದ ಕುಂಟುಭಾಷೆಯೊಂದು ಉಳಿಯುತ್ತದೆ. ಬರ್ಕ್ಲಿಯ ಜಾನ್ ಔಸ್ಟರ್‌ಹೌಟರು 1988ರಲ್ಲಿ ಟಿ.ಸಿ.ಎಲ್. ಭಾಷೆಯನ್ನು ನಿರ್ಮಿಸಿದುದು ಇಂತಹ ದುರ್ಬಲ ಭಾಷೆಗಳಿಂದ ಬೇಸತ್ತೇ. ಅವರ ಭಾಷೆ ಫಲನಪ್ರಧಾನವಲ್ಲದಿದ್ದರೂ ಅವರ ರೋಗನಿದಾನ ಸರಿಯಾದುದು.

ಅಪಾಯಗಳಿಲ್ಲವೆಂದಲ್ಲ. 1999ರಲ್ಲಿ ಮೆಲಿಸ್ಸಾ ಎಂಬ ವೈರಸ್ ವರ್ಡ್ ದಾಖಲೆಗಳೊಳಗಿನ ಮ್ಯಾಕ್ರೊ ಭಾಷೆಯನ್ನೇ ವಾಹನವನ್ನಾಗಿಸಿಕೊಂಡು, ವಿಳಾಸಪಟ್ಟಿಯ ಮೊದಲ 50 ಹೆಸರುಗಳಿಗೆ ತನ್ನನ್ನು ತಾನೇ ರವಾನಿಸಿಕೊಂಡಿತು. ಭಾಷೆಯನ್ನು ಒಳಗೆ ಕರೆದುದು ಅಲ್ಲಿ ತಪ್ಪಲ್ಲ. ಅತಿಥಿಗೆ ಉಗ್ರಾಣದ ಬೀಗದಕೈಯನ್ನೂ ಕೊಟ್ಟುದು ತಪ್ಪು. ಬ್ರೆಜಿಲ್ ದೇಶದಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆ ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಿದೆ. ಆತಿಥೇಯ ಕ್ರಮವಿಧಿ ತೆರೆದುಕೊಟ್ಟ ಬಾಗಿಲುಗಳಲ್ಲದೆ ಬೇರಾವುದೂ ಅದಕ್ಕೆ ತೆರೆದಿರಬೇಕಾಗಿಲ್ಲ. ಫಲನಪ್ರಧಾನವೆಂಬ ಹೆಸರೊಂದೇ ರಕ್ಷಣೆಯಾಗದು. ಕಾಲಕ್ಕೂ ಸ್ಮೃತಿಗೂ ಮಿತಿಯನ್ನು ವಿಧಿಸುವ ಹೊಣೆ ಆತಿಥೇಯನದೇ. ಆಯ್ಕೆಯಲ್ಲಿ ಅವಸರವೂ ಸಲ್ಲದು. ಹೆಸರುಗಳ ವ್ಯಾಪ್ತಿಯನ್ನು ಕುರಿತು ಈಮ್ಯಾಕ್ಸ್ ಮೊದಲಲ್ಲಿ ಕೈಗೊಂಡ ನಿರ್ಧಾರಕ್ಕೆ ಪರ್ಯಾಯವೊಂದು ಒದಗಿದುದು 2012ರ 24ನೆಯ ಆವೃತ್ತಿಯಲ್ಲಿ. ಸಾವಿರಾರು ಜನರ ಬರಹಗಳು ಹಳೆಯ ನಿಯಮವನ್ನು ನಂಬಿ ನಿಂತ ಮೇಲೆ ಅಡಿಪಾಯವನ್ನು ಅಲುಗಿಸುವುದು ಸುಲಭವಲ್ಲ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಈ ಮಾರ್ಗ ಶ್ರೇಯಸ್ಕರವೆನ್ನಲು ಒಂದು ನಿದರ್ಶನ ಸಾಕು. ಬರ್ನಾರ್ಡ್ ಗ್ರೀನ್‌ಬರ್ಗರು 1978ರಲ್ಲಿ ಮಲ್ಟಿಕ್ಸ್ ವ್ಯವಸ್ಥೆಗಾಗಿ ಲಿಸ್ಪಿನಲ್ಲಿ ಈಮ್ಯಾಕ್ಸೊಂದನ್ನು ಬರೆದರು. ಅಲ್ಲಿನ ಕಚೇರಿಯ ಕಾರ್ಯದರ್ಶಿನಿಯರು ಅದನ್ನು ತಮಗೆ ಬೇಕಾದಂತೆ ವಿಸ್ತರಿಸಿಕೊಳ್ಳಲು ಕಲಿತರೆಂದು ಸ್ಟಾಲ್ಮನ್ನರು 2002ರ ಉಪನ್ಯಾಸವೊಂದರಲ್ಲಿ ತಿಳಿಸಿದ್ದಾರೆ. ಅವರ ಕೈಪಿಡಿಯಲ್ಲಿ ಇದು ಕ್ರಮವಿಧಿ ರಚನೆಯೆಂದು ಎಲ್ಲಿಯೂ ಹೇಳಿರಲಿಲ್ಲವಾದುದರಿಂದ ಅವರು ಅಂಜಲಿಲ್ಲ. ತಮ್ಮಿಂದಾಗದೆಂದು ನಂಬಿದ್ದ ಕಾರ್ಯವನ್ನು ಅವರು ತಿಳಿಯದೆಯೇ ಮಾಡುತ್ತಿದ್ದರು.

ವಿದ್ಯಾಸಂಸ್ಥೆಗಳು ಯೋಚಿಸಬೇಕಾದುದು ಇಲ್ಲಿಯೇ. ಪ್ರಯೋಗಾಲಯಕ್ಕೆ ಗಣಕಗಳನ್ನು ದಾನವಾಗಿ ಪಡೆದು, ಮಕ್ಕಳಿಗೆ ಗುಂಡಿ ಒತ್ತುವುದನ್ನಷ್ಟೇ ಕಲಿಸಿದರೆ ದಾನಿಯ ಹಣಕ್ಕೂ ಗುರುವಿನ ಶ್ರಮಕ್ಕೂ ಅರ್ಧ ಫಲ ಮಾತ್ರ. ಒಳಗೆ ಭಾಷೆಯಿರುವ ಒಂದು ಸಾಧನವನ್ನು ಆರಿಸಿ, ಹತ್ತು ಸಾಲುಗಳನ್ನು ಸ್ವತಃ ಬರೆಯಲು ಕಲಿಸಿದರೆ ವಿದ್ಯಾರ್ಥಿ ಯಂತ್ರದ ಸೇವಕನಾಗಿ ಉಳಿಯುವುದಿಲ್ಲ, ಅದರ ಯಜಮಾನನಾಗುತ್ತಾನೆ.