ಜನನಸೂತಕವನ್ನು ನಾವು ನಿಜವಾಗಿಯೂ ತೊರೆದಿದ್ದೇವೆಯೆ?



ಬೇಲಿಯ ಮರೆಯಲ್ಲಿ ಹಸುಗೂಸು ದೊರೆತ ಸುದ್ದಿಯನ್ನು ಓದಿದೊಡನೆ ನಾವು "ಎಂಥ ಕಟುಕ ತಾಯಿ!" ಎನ್ನುತ್ತೇವೆ. ತಂದೆಯ ಮಾತನ್ನು ಯಾರೂ ಎತ್ತುವುದಿಲ್ಲ. ಒಂಬತ್ತು ತಿಂಗಳು ಆಕೆ ಯಾರಿಗೆ ಅಂಜಿ ಬಸಿರನ್ನು ಮರೆಮಾಚಿದಳೆಂದು ವಿಚಾರಿಸುವುದಿಲ್ಲ. ಆಕೆ ಅಂಜಿದ್ದು ನಮ್ಮ ನಾಲಗೆಗೆ.

2025ರ ಜುಲೈನಲ್ಲಿ ಶರಾವತಿಯ ಹಿನ್ನೀರಿಗೆ ಸೇತುವೆಯಾಯಿತು. ಸಿಗಂದೂರು ಕಡೆಯ ತುಂಬುಗರ್ಭಿಣಿ ಇನ್ನು ಲಾಂಚಿಗಾಗಿ ಕಾಯದೆ ರಾತ್ರಿಯಲ್ಲಿಯೂ ಸಾಗರದ ಆಸ್ಪತ್ರೆಯನ್ನು ಸೇರಬಲ್ಲಳು. ಆದರೆ ಗಂಡನ ಹೆಸರು ಹೇಳಲಾರದ ಗರ್ಭಿಣಿ ಯಾವ ಬಾಗಿಲನ್ನು ತಟ್ಟಬೇಕು?

ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು 'ಘಟಶ್ರಾದ್ಧ'ವನ್ನು ಬರೆದರು. ಅದೇ ಸೀಮೆಯ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ಬಸುರಾದ ವಿಧವೆಗೆ, ಬದುಕಿರುವಾಗಲೇ, ಶ್ರಾದ್ಧ ಮಾಡಿದ ಕಥೆಯದು. ಅದು ಅಗ್ರಹಾರದ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ಜನನಸೂತಕವೂ ಅವುಗಳಲ್ಲೊಂದು. ಗರ್ಭದಲ್ಲಿರುವ ಶಿಶುವಿಗೇ ಲಿಂಗಸಂಸ್ಕಾರ ಕೊಡುವ ಸಂಪ್ರದಾಯ ನಮ್ಮದು. ತಾಳಿಯಿಲ್ಲವೆಂಬ ಮಾತ್ರಕ್ಕೆ ಆ ಗರ್ಭ ಮೈಲಿಗೆಯಾಗುವುದಾದರೆ ನಾವು ತೊರೆದ ಸೂತಕ ಯಾವುದು?

ಇಂಥವರಿಗೆ ಆಶ್ರಯವಿತ್ತರೆ ಅನೀತಿ ಬೆಳೆಯುವುದೆಂದು ಕೆಲವರು ಆಕ್ಷೇಪಿಸುವರು. ಆಶ್ರಯವಿಲ್ಲದೆ ಅನೀತಿ ನಿಂತಿತೇ? ಶಿಶುಹತ್ಯೆಯಷ್ಟೇ ಹೆಚ್ಚಿತು. 1863ರಲ್ಲಿ ಪುಣೆಯ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಗರ್ಭಿಣಿ ವಿಧವೆಯರ ಗುಟ್ಟನ್ನು ಕಾಪಾಡಿ ಹೆರಿಗೆ ಮಾಡಿಸುವ ಗೃಹವನ್ನು ತೆರೆದರು. ಅಂಥ ಒಬ್ಬ ತಾಯಿಯ ಮಗನನ್ನೇ ದತ್ತು ಪಡೆದರು. ಆತ ಮುಂದೆ ವೈದ್ಯನಾದ.

ಇಂದು ಕಾನೂನೂ ನಮಗಿಂತ ದಯಾಳುವಾಗಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಸಾಕಲಾರದ ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಿಸಲು ಆಕೆಗೆ ಎರಡು ತಿಂಗಳ ಅವಕಾಶವುಂಟು. 1098ಕ್ಕೆ ದೂರವಾಣಿ ಮಾಡಿದರೆ ನೆರವು ದೊರೆಯುತ್ತದೆ. ಇದನ್ನು ಊರೂರಿಗೆ ತಿಳಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ವೈದ್ಯರೂ ವಕೀಲರೂ ಆದ ಹಳೆಯ ವಿದ್ಯಾರ್ಥಿಗಳೇ, ನಿಮ್ಮನ್ನು ಪಂಕ್ತಿಯಲ್ಲಿ ಕೂರಿಸುವಾಗ ಯಾರ ಮಗನೆಂದು ಯಾರೂ ತೂಗಿ ನೋಡಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ತಾಯಿಗೂ ಕೂಸಿಗೂ ಒಂದು ಮನೆಯನ್ನು ನೀವು ಕಟ್ಟಿರಿ. ಅದು ಸರ್ಕಾರದಲ್ಲಿ ನೋಂದಣಿಯಾಗಲಿ, ಅಧಿಕಾರಿಗಳ ತಪಾಸಣೆಗೆ ಸದಾ ತೆರೆದಿರಲಿ; ಮಠದ ಹೆಸರಿದೆಯೆಂದು ವಿನಾಯಿತಿ ಬೇಡ. ಹಣವಿಲ್ಲದವರು ಇಷ್ಟು ಮಾಡಿರಿ: ನಿಮ್ಮ ಕೇರಿಯಲ್ಲಿ ಅಂಥ ಹೆಣ್ಣುಮಗಳಿದ್ದರೆ ಹೆರಿಗೆಗೆ ಮೊದಲೇ ಆಕೆಯ ಬಳಿಗೆ ಹೋಗಿ, "ಹೆದರಬೇಡ ತಾಯಿ, ನಾವಿದ್ದೇವೆ" ಎನ್ನಿರಿ. ಬೇಲಿಯ ಮರೆಯ ಕೂಸು ಬದುಕುವುದು ಆ ಮಾತಿನಿಂದ.